ಒಂದೇ ವಾಗ್ದಾನ, ಒಂದು ವಾರ: ವಾಕ್ಯಧ್ಯಾನ ಶುರು ಮಾಡುವವರಿಗೆ

ಬೆಳಿಗ್ಗೆ ಫೋನ್ ತೆಗೆದರೆ ವಾಗ್ದಾನ ವಾಕ್ಯಗಳ, ಅಂದರೆ ಬೈಬಲಿನಲ್ಲಿ ದೇವರು ಕೊಟ್ಟ ಮಾತುಗಳ, ಚಿತ್ರಗಳು ಸಾಲಾಗಿ ಬಂದಿರುತ್ತವೆ. ಒಂದಕ್ಕೆ ಆಮೆನ್ ಅಂತ ಹಾಕಿ, ಇನ್ನೊಂದನ್ನು ನಾಲ್ಕು ಜನರಿಗೆ ಕಳಿಸಿ, ಮೂರನೆಯದನ್ನು ಓದುವಷ್ಟರಲ್ಲಿ ಮೊದಲನೆಯದು ಮರೆತೇ ಹೋಗಿರುತ್ತದೆ. ಕಳಿಸಬೇಡಿ ಅಂತ ಹೇಳುತ್ತಿಲ್ಲ. ಅದನ್ನೇ ಧ್ಯಾನ ಅಂದುಕೊಳ್ಳಬೇಡಿ, ಅಷ್ಟೇ.

ಹಗಲಿರುಳು ಧ್ಯಾನಿಸುವವನು ಧನ್ಯನು ಅಂತ ಕೀರ್ತನೆ 1 ಹೇಳುತ್ತದೆ. ಅಂದರೆ ದಿನವಿಡೀ ಕಣ್ಣು ಮುಚ್ಚಿ ಕೂರಬೇಕು ಅಂತಲ್ಲ. ಬೆಳಿಗ್ಗೆ ಓದಿದ ಮಾತು ಕೆಲಸದ ನಡುವೆ, ಯಾರ ಮೇಲೋ ಸಿಟ್ಟು ಬಂದಾಗ, ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ತಾನಾಗಿ ನೆನಪಿಗೆ ಬರಬೇಕು. ಅದಕ್ಕೆ ಮಾತು ಒಂದೇ ಇರಬೇಕು. ದಿನಕ್ಕೊಂದು ಹೊಸ ವಚನ ಹುಡುಕುವುದನ್ನು ಸ್ವಲ್ಪ ದಿನ ಬಿಟ್ಟು, ಒಂದು ವಾಗ್ದಾನ ಆರಿಸಿ ಒಂದು ವಾರ ಅದರಲ್ಲೇ ಇರಿ. ಮಧ್ಯದಲ್ಲಿ ಬೇಜಾರಾಗುತ್ತದೆ. ಆಗಲಿ. ಗೊತ್ತಿದ್ದದ್ದೆಲ್ಲ ಮುಗಿದು ನಿಜವಾಗಿ ಯೋಚಿಸಲು ಶುರುವಾಗುವುದು ಆಮೇಲೆಯೇ.

ಉದಾಹರಣೆಗೆ ಯೆಹೋಶುವ 1:5 (ಯೆಹೋಶುವ ಅನ್ನುವ ಪುಸ್ತಕದ 1ನೇ ಅಧ್ಯಾಯ, 5ನೇ ವಚನ) ತೆಗೆದುಕೊಳ್ಳೋಣ. ನಿನ್ನನ್ನು ಕೈಬಿಡುವುದಿಲ್ಲ, ತೊರೆಯುವುದಿಲ್ಲ ಅಂತ ದೇವರು ಹೇಳುವ ಮಾತು.

ಮೊದಲು ಇಡೀ ಅಧ್ಯಾಯ ಓದಿ. 18 ವಚನ, ಜಾಸ್ತಿ ಹೊತ್ತೇನೂ ಬೇಡ. ಇಸ್ರಾಯೇಲ್ ಜನರನ್ನು ನಡೆಸುತ್ತಿದ್ದ ಮೋಶೆ ತೀರಿಹೋಗಿದ್ದಾನೆ. ಎದುರಿಗೆ ಯೊರ್ದನ್ ಹೊಳೆ, ಅದರಾಚೆ ಗೊತ್ತಿಲ್ಲದ ಯುದ್ಧಗಳು. ಇಷ್ಟು ದಿನ ಮೋಶೆಯ ಕೈಕೆಳಗೆ ಇದ್ದ ಯೆಹೋಶುವನ ಮೇಲೆ ಈಗ ಇಡೀ ಜನಾಂಗದ ಭಾರ. ಸ್ಥಿರಚಿತ್ತನಾಗಿರು, ಧೈರ್ಯವಾಗಿರು ಅಂತ ದೇವರು ಅವನಿಗೆ 6, 7, 9ನೇ ವಚನಗಳಲ್ಲಿ ಮೂರು ಸಲ ಹೇಳುತ್ತಾರೆ, ಕೊನೆಗೆ 18ರಲ್ಲಿ ಜನರೂ ಅದನ್ನೇ ಹೇಳುತ್ತಾರೆ. ಹೆದರದವನಿಗೆ ಯಾರಾದರೂ ಇಷ್ಟು ಸಲ ಹೇಳುತ್ತಾರಾ? ಇದು ಗಮನಕ್ಕೆ ಬಂದ ಮೇಲೆ, ವಾಗ್ದಾನ ಧೈರ್ಯಶಾಲಿಗಳಿಗೆ ಕೊಡುವ ಬಹುಮಾನ ಅಲ್ಲ ಅಂತ ನಿಮಗೇ ಗೊತ್ತಾಗುತ್ತದೆ, ಯಾರೂ ಬೋಧನೆ ಮಾಡಬೇಕಾಗಿಲ್ಲ.

ಮಾರನೇ ದಿನದ ಪ್ರಶ್ನೆ ಸ್ವಲ್ಪ ಕಷ್ಟದ್ದು: ಇದು ಯೆಹೋಶುವನಿಗೆ ಹೇಳಿದ್ದು, ನನಗೂ ಸೇರುತ್ತದಾ? ಇದನ್ನು ದಾಟಿ ಹೋಗಬೇಡಿ. ಅದೇ ಅಧ್ಯಾಯದ 3ನೇ ವಚನದಲ್ಲಿ ನೀವು ಕಾಲಿಟ್ಟ ಜಾಗವನ್ನೆಲ್ಲ ಕೊಟ್ಟಿದ್ದೇನೆ ಅಂತ ಇದೆ. ಅದನ್ನು ಹಿಡಿದುಕೊಂಡು ಬೇಕಾದ ಜಮೀನಿನ ಸುತ್ತ ನಡೆದು ಬಂದರೆ ಅದು ನಮ್ಮದಾಗುವುದಿಲ್ಲ, ಯಾಕೆಂದರೆ ಮುಂದಿನ ವಚನ ಆ ನಾಡಿನ ಗಡಿಗಳನ್ನೇ ಹೆಸರಿಸುತ್ತದೆ. ಆದರೆ ಕೈಬಿಡುವುದಿಲ್ಲ ಅನ್ನುವ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಇಬ್ರಿಯರಿಗೆ 13:5 ಅದನ್ನೇ ಎತ್ತಿಕೊಂಡು ವಿಶ್ವಾಸಿಗಳೆಲ್ಲರಿಗೆ ಹೇಳುತ್ತದೆ. ಎಲ್ಲಿ ಗೊತ್ತಾ? ಹಣದಾಸೆ ಬೇಡ, ಇರುವುದರಲ್ಲಿ ತೃಪ್ತರಾಗಿರಿ ಅನ್ನುವ ಕಡೆ. ಯುದ್ಧಕ್ಕೆ ಹೊರಟವನಿಗೆ ಕೊಟ್ಟ ಮಾತು ದುಡ್ಡಿನ ಚಿಂತೆಯಲ್ಲಿ ಇರುವವರ ಕೈಗೆ ಬಂತು! ಇಲ್ಲಿ ಎರಡು ದಿನ ನಿಂತರೂ ನಷ್ಟವಿಲ್ಲ. ನಿಮ್ಮ ಸತ್ಯವೇದದ (ಬೈಬಲಿನ) ಪುಟದ ಕೆಳಗೋ ಪಕ್ಕದಲ್ಲೋ ಸಣ್ಣಕ್ಷರದಲ್ಲಿ ಬೇರೆ ವಚನಗಳ ಸಂಖ್ಯೆ ಕೊಟ್ಟಿದ್ದರೆ, ಇಂಥ ಕೊಂಡಿ ಹುಡುಕಲು ಅದೇ ಸಾಕು.

ಅಕ್ಕಪಕ್ಕದ ವಚನ ಓದಿ ಅಂತ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಇದೆ. ಮತ್ತಾಯ 4ರಲ್ಲಿ ಕೀರ್ತನೆ 91ರ ವಾಗ್ದಾನವನ್ನು ಎತ್ತಿ ಹೇಳಿದ್ದು ಸೈತಾನ. ಮಾತೇನೂ ಸುಳ್ಳಲ್ಲ, ಬಳಸಿದ ರೀತಿ ತಪ್ಪು. ಯೇಸು ಉತ್ತರ ಕೊಟ್ಟಿದ್ದೂ ಧರ್ಮೋಪದೇಶಕಾಂಡದ ಇನ್ನೊಂದು ವಾಕ್ಯದಿಂದಲೇ. ಹಾಗೆಯೇ ಯೆರೆಮೀಯ 29:11. ಒಳ್ಳೆಯ ಭವಿಷ್ಯದ ವಾಗ್ದಾನ ಅಂತ ಎಲ್ಲರಿಗೂ ಅಚ್ಚುಮೆಚ್ಚು, ಆದರೆ ಅದರ ಹಿಂದಿನ ವಚನದಲ್ಲೇ, ಸೆರೆಹೋದ ಜನರಿಗೆ ಬಾಬೆಲಿನಲ್ಲಿ 70 ವರ್ಷ ಅಂತ ಇದೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಹೇಳಿದವನು ಸುಳ್ಳು ಪ್ರವಾದಿ ಹನನ್ಯ. ಕೆಲವು ವಾಗ್ದಾನಗಳಿಗೆ ನಮ್ಮ ಕಡೆಯಿಂದ ಆಗಬೇಕಾದ ಕೆಲಸವೂ ಇರುತ್ತದೆ. ಫಿಲಿಪ್ಪಿಯವರಿಗೆ 4:7ರ ಸಮಾಧಾನ ಬೇಕಾದರೆ 6ನೇ ವಚನದ ಪ್ರಾರ್ಥನೆ, ಕೃತಜ್ಞತೆ ಎರಡನ್ನೂ ಬಿಡುವ ಹಾಗಿಲ್ಲ.

ಇನ್ನು ಕೂರುವ ವಿಧಾನ. ವಚನವನ್ನು ಕೈಯಿಂದ ಬರೆಯಿರಿ, ಫೋನಿನಲ್ಲಿ ಕಾಪಿ ಮಾಡಬೇಡಿ. ನಿಧಾನವಾಗಿ, ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಕೆಲವು ಸಲ ಹೇಳಿ. ಕಾಲು ಗಂಟೆ ಸಾಕು. ಮನಸ್ಸು ಎಲ್ಲೆಲ್ಲೋ ಓಡಿದರೆ ಬೈದುಕೊಳ್ಳಬೇಡಿ. ಓಡಿ ಹೋದ ವಿಷಯವನ್ನೇ ಒಂದು ಸಾಲು ಬರೆದು ವಚನದ ಪಕ್ಕ ಇಡಿ. ಸಾಲದ ಕಂತೋ, ಆಸ್ಪತ್ರೆಯ ರಿಪೋರ್ಟೋ, ಮಾತು ಬಿಟ್ಟ ತಮ್ಮನೋ, ಕೈಬಿಡುವುದಿಲ್ಲ ಅನ್ನುವ ಮಾತು ಸಲ್ಲಬೇಕಾದ್ದು ಅಲ್ಲಿಗೇ ಅಲ್ವಾ?

ಪ್ರಾರ್ಥನೆ ಇದಾದ ಮೇಲೆ. ಬ್ರಿಸ್ಟಲ್‌ನಲ್ಲಿ ಅನಾಥಾಲಯಗಳನ್ನು ನಡೆಸುತ್ತಿದ್ದ ಜಾರ್ಜ್ ಮುಲ್ಲರ್ 1841ರಲ್ಲಿ ತಮ್ಮ ಬೆಳಗಿನ ಕ್ರಮವನ್ನೇ ಬದಲಿಸಿಕೊಂಡರು. ಮೊದಲೆಲ್ಲ ಎದ್ದ ಕೂಡಲೇ ಪ್ರಾರ್ಥನೆಗೆ ಕೂತು, ಎಷ್ಟೋ ಹೊತ್ತು ಮನಸ್ಸು ನಿಲ್ಲದೆ ಒದ್ದಾಡುತ್ತಿದ್ದರಂತೆ. ವಾಕ್ಯಧ್ಯಾನ ಮೊದಲು ಮಾಡತೊಡಗಿದ ಮೇಲೆ ಪ್ರಾರ್ಥನೆ ಅದರೊಳಗಿಂದಲೇ ಹುಟ್ಟತೊಡಗಿತು. ನೀವೂ ವಚನದ ಮಾತುಗಳನ್ನೇ ದೇವರಿಗೆ ತಿರುಗಿಸಿ ಹೇಳಿ: "ಕೈಬಿಡುವುದಿಲ್ಲ ಅಂದಿರಿ ಕರ್ತನೇ, ಆದರೆ ಇವತ್ತು ಬಿಟ್ಟ ಹಾಗೆ ಅನ್ನಿಸುತ್ತಿದೆ." ಹೀಗೆ ಹೇಳಬಹುದಾ ಅಂತ ಅನುಮಾನ ಬಂದರೆ ಕೀರ್ತನೆ 77 ಓದಿ. ದೇವರ ಮಾತು ಬಿದ್ದುಹೋಯಿತೇ ಅಂತ ಆ ಕೀರ್ತನೆಯ ಕವಿ ಆಸಾಫ ನೇರವಾಗಿ ಕೇಳುತ್ತಾನೆ, ಆಮೇಲೆ ದೇವರು ಹಿಂದೆ ಮಾಡಿದ ಕೆಲಸಗಳನ್ನು ಒಂದೊಂದಾಗಿ ನೆನೆಯುತ್ತಾನೆ. ಅವನ ಕಷ್ಟ ತೀರಿತು ಅಂತ ಆ ಕೀರ್ತನೆಯಲ್ಲಿ ಎಲ್ಲೂ ಇಲ್ಲ. ಅಬ್ರಹಾಮನೂ ದೇವರ ವಾಗ್ದಾನ ನಂಬಿ 75ನೇ ವಯಸ್ಸಿನಲ್ಲಿ ಹೊರಟವನು, ವಾಗ್ದಾನದ ಮಗ ಇಸಾಕ ಹುಟ್ಟಿದಾಗ 100 ವರ್ಷದವನು. ಒಂದು ವಾರದ ಧ್ಯಾನಕ್ಕೆ ಉತ್ತರ ಕೈಗೆ ಬರಲೇಬೇಕು ಅಂತ ಲೆಕ್ಕ ಹಾಕಿಕೊಂಡು ಕೂರಬೇಡಿ.

ಎದ್ದು ಹೋಗುವ ಮೊದಲು ಒಂದು ಕೆಲಸ ಗುರುತು ಮಾಡಿಕೊಳ್ಳಿ. ಯೆಹೋಶುವ 1:8ರಲ್ಲಿ ಧ್ಯಾನಿಸು ಅಂದದ್ದೇ ಅದರಂತೆ ನಡೆಯುವುದಕ್ಕಾಗಿ. ಹೆದರಿ ಮುಂದೂಡುತ್ತಿದ್ದ ಒಂದು ಫೋನ್ ಕರೆ ಮಾಡಿದರೂ ಆಯಿತು.

ವಾರ ಮುಗಿದ ಮೇಲೂ ಆ ವಚನ ಬಿಡಲು ಮನಸ್ಸಾಗದಿದ್ದರೆ ಇನ್ನೊಂದು ವಾರ ಇರಿ, ಯಾರೂ ಹಾಜರಿ ತೆಗೆದುಕೊಳ್ಳುವುದಿಲ್ಲ. ಮುಂದಕ್ಕೆ ಹೋಗುವುದಾದರೆ ಯೆಶಾಯ 41:10 ಒಳ್ಳೆಯದು, ಆಮೇಲೆ ರೋಮಾಪುರದವರಿಗೆ 8:28. ಅದನ್ನು ಮಾತ್ರ 29ನೇ ವಚನದ ಜೊತೆಗೇ ಬರೆದುಕೊಳ್ಳಿ; ಒಳ್ಳೆಯದಾಗುವುದು ಅಂದರೆ ಏನು ಅಂತ ಆ ಪತ್ರ ಬರೆದ ಪೌಲ ಹೇಳುವುದು ಅಲ್ಲಿ.