ನೋವು ಹೋಯಿತು, ಕುಂಟು ಉಳಿಯಿತು

ಸೊಂಟದ ಕೀಲು ಬದಲಿಸಿಕೊಂಡು ಮನೆಗೆ ಬಂದಾಗ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: "ನೋವು ಹೋಯ್ತಾ?" ಹೋಗಿತ್ತು, ಅದೂ ಆಪರೇಷನ್ ಆದ ಮರುದಿನವೇ. ಹೊಲಿಗೆಯ ಉರಿ ಇತ್ತು. ಆದರೆ ನಾಲ್ಕು ವರ್ಷ ತೊಡೆಸಂದಿಯಲ್ಲಿ ಕೂತಿದ್ದ ಆ ಕೊರೆತ ಇರಲಿಲ್ಲ. ನೋವು ಹೋದರೆ ಎಲ್ಲ ಸರಿಯಾಯಿತು ಅಂದುಕೊಂಡೆ. ಅದೇ ತಪ್ಪಾಯಿತು. ಈ ಆಪರೇಷನ್‌ಗೆ ಹೊರಟವರಿಗೆ ನಾನು ಮುಖ್ಯವಾಗಿ ಹೇಳಬೇಕಾಗಿರುವುದೂ ಅದನ್ನೇ.

ನಮ್ಮದು ಶಿರಸಿಯಿಂದ ಸ್ವಲ್ಪ ಒಳಗಿನ ಊರು. ಮನೆ ಮೇಲೆ, ಅಡಿಕೆ ತೋಟ ಕೆಳಗೆ. ಮೂವತ್ತೆರಡು ಮೆಟ್ಟಿಲು ಇಳಿದು, ಹಳ್ಳದ ಮೇಲಿನ ಸಂಕ, ಅಂದರೆ ಮರದ ಕಾಲುಸೇತುವೆ, ದಾಟಿ ತೋಟಕ್ಕೆ ಹೋಗಬೇಕು. ನನ್ನ ನೋವು ಶುರುವಾಗಿದ್ದು ಬಲ ಮೊಣಕಾಲಲ್ಲಿ. ಒಂದು ವರ್ಷ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಅದರ ಎಕ್ಸ್‌ರೇ ತೆಗೆಸಿದರೆ ಏನೂ ಇಲ್ಲ, "ವಯಸ್ಸಾಯ್ತಲ್ಲ" ಅಂತ ಕಳಿಸಿದರು. ಸೊಂಟದ ಕೀಲು ಸವೆದರೆ ಎಷ್ಟೋ ಸಲ ನೋವು ಮೊಣಕಾಲಲ್ಲಿ ಕಾಣಿಸುತ್ತದೆ ಅಂತ ಆಗ ಯಾರೂ ಹೇಳಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಲು ಆಗದೆ, ಕಾಲಿನ ಉಗುರು ಕತ್ತರಿಸಲು ಬಗ್ಗಲಾಗದೆ, ಕೊನೆಗೆ ಹುಬ್ಬಳ್ಳಿಗೆ ಹೋದೆವು.

2023ರ ಸೆಪ್ಟೆಂಬರಿನಲ್ಲಿ ಆಪರೇಷನ್ ಆಯಿತು. ಇದನ್ನು ಇಂಗ್ಲೆಂಡಿನ ಜಾನ್ ಚಾರ್ನ್ಲಿ ಅನ್ನುವ ಡಾಕ್ಟರು 1962ರಲ್ಲೇ ಸರಿಯಾದ ಹದಕ್ಕೆ ತಂದಿದ್ದರಂತೆ. ಲೋಹದ ಸಣ್ಣ ಗುಂಡು, ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು. ನನಗೆ ಹಾಕಿದ್ದರಲ್ಲಿ ಗುಂಡು ಸೆರಾಮಿಕ್‌ನದು. ಅರವತ್ತು ವರ್ಷದಿಂದ ಜನ ಇದರ ಮೇಲೆ ನಡೆಯುತ್ತಿದ್ದಾರೆ ಅಂತ ಕೇಳಿ ನನಗೆ ಧೈರ್ಯ ಬಂತು. ಮರುದಿನವೇ ವಾಕರ್ ಕೊಟ್ಟು ನಿಲ್ಲಿಸಿದರು.

ಮನೆಗೆ ಬರುವ ದಾರಿ ನೂರು ಕಿಲೋಮೀಟರ್ ಹತ್ತಿರ. ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದೆ ಸರಿಸಿ, ಮೇಲೊಂದು ಪ್ಲಾಸ್ಟಿಕ್ ಚೀಲ ಹಾಸಿದರು. ಮೊದಲು ಕೂತು, ಆಮೇಲೆ ಎರಡೂ ಕಾಲು ಸೇರಿಸಿ ಒಳಗೆ ತಿರುಗಬೇಕು. ಚೀಲ ಇದ್ದರೆ ಸುಲಭವಾಗಿ ಜಾರುತ್ತದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ನಡುವೆ ಎರಡು ಸಲ ಇಳಿಸಿ ನಡೆಸಿದರು.

ನನಗೆ ಹಿಂದಿನ ಕಡೆಯಿಂದ ಕೊಯ್ದಿದ್ದರು. ಹಾಗಾಗಿ ಮೂರು ತಿಂಗಳು ಮೂರು ಕಟ್ಟುಪಾಡು. ಸೊಂಟ ತೊಂಬತ್ತು ಡಿಗ್ರಿಗಿಂತ ಜಾಸ್ತಿ ಮಡಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಗೆ ತಿರುಗಿಸಬಾರದು. ತಪ್ಪಿದರೆ ಗುಂಡು ಬಟ್ಟಲಿನಿಂದ ಜಾರಬಹುದು. ನಮ್ಮ ಮನೆಯಲ್ಲಿ ಎಲ್ಲವೂ ನೆಲದ ಮೇಲೆಯೇ ಅಲ್ವಾ, ಊಟದ ಮಣೆ, ಅಡಿಕೆ ಸುಲಿಯುವ ಕತ್ತಿ, ಬಚ್ಚಲಿನ ಸ್ಟೂಲು. ನಾನು ಆಸ್ಪತ್ರೆಯಲ್ಲಿದ್ದಾಗಲೇ ಮನೆಯವರು ಕಮೋಡ್ ಎತ್ತರಿಸಿದ್ದರು. ಬಚ್ಚಲಿಗೆ ಕೈ ಇರುವ ಎತ್ತರದ ಕುರ್ಚಿ ತಂದಿಟ್ಟಿದ್ದರು. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅಂಗಳದ ಹಾವಸೆ (ಪಾಚಿ) ತಿಕ್ಕಿಸಿ ಅಡಿಕೆ ಸೋಗೆ ಹಾಸಿದ್ದರು. ನಮ್ಮ ಕಡೆ ಈ ಆಪರೇಷನ್ ಆದವರು ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಜಾರುವುದಕ್ಕೆ.

ಆರು ವಾರಕ್ಕೆ ವಾಕರ್ ಬಿಟ್ಟು ಕೋಲು ಹಿಡಿದೆ. ಬಲಗಾಲಿಗೆ ಆಪರೇಷನ್, ಕೋಲು ಎಡಗೈಯಲ್ಲಿ. "ನೋವಿನ ಕಡೆಗೆ ಹಿಡಿ ಮಾರಾಯ್ತಿ" ಅಂತ ಹೇಳದ ನೆಂಟರಿಲ್ಲ. ಆದರೆ ಎದುರು ಕೈಯಲ್ಲಿ ಹಿಡಿದರೇ ಸೊಂಟದ ಮೇಲಿನ ಭಾರ ಇಳಿಯುವುದು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ನವೆಂಬರಿಗೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾಯಿತು. ನೋವು ಇಲ್ಲವಲ್ಲ ಅಂತ ಕೋಲು ಬಿಟ್ಟೆ. ಇಡೀ ದಿನ ಓಡಾಡಿದೆ, ಎರಡು ಸಲ ತೋಟಕ್ಕೂ ಇಳಿದೆ. ನಾಲ್ಕನೇ ದಿನ ಸಂಜೆ ತೊಡೆಯ ಹೊರಬದಿ ಬಾತುಕೊಂಡಿತು. ಆ ಮಗ್ಗುಲಿಗೆ ಮಲಗಲು ಆಗಲಿಲ್ಲ. ಕೀಲು ಜಾರಿತೇನೋ ಅಂತ ರಾತ್ರಿಯಿಡೀ ಅತ್ತೆ. ಎಕ್ಸ್‌ರೇಯಲ್ಲಿ ಕೀಲು ಸರಿಯಾಗಿಯೇ ಇತ್ತು. ಸೋತಿದ್ದು ಸ್ನಾಯು.

ಫಿಸಿಯೋಥೆರಪಿಯ ಹುಡುಗಿ ಬೆಳಿಗ್ಗೆ ನನ್ನನ್ನು ಅಂಗಳದಲ್ಲಿ ನಡೆಸಿದಳು. "ಅಮ್ಮಾ, ಕಾಲು ನೋಡಬೇಡಿ, ಗೋಡೆ ಮೇಲೆ ನಿಮ್ಮ ನೆರಳು ನೋಡಿ" ಅಂದಳು. ಎಳೆಬಿಸಿಲಿನಲ್ಲಿ ನೆರಳು ಗೋಡೆ ಮೇಲೆ ಉದ್ದಕ್ಕೆ ಬಿದ್ದಿತ್ತು. ಬಲಗಾಲು ಊರಿದಾಗಲೆಲ್ಲ ತಲೆ, ಭುಜ ಬಲಕ್ಕೆ ವಾಲುತ್ತಿದ್ದವು. ನಾನು ನೆಟ್ಟಗೆ ನಡೆಯುತ್ತಿದ್ದೇನೆ ಅಂದುಕೊಂಡಿದ್ದೆ! ಒಂದು ಕಾಲಿನ ಮೇಲೆ ನಿಂತಾಗ ಸೊಂಟವನ್ನು ಸಮವಾಗಿ ಹಿಡಿಯುವುದು ಪೃಷ್ಠದ ಪಕ್ಕದ ಸ್ನಾಯು. ನಾಲ್ಕು ವರ್ಷ ನೋವು ತಪ್ಪಿಸಲು ಕುಂಟಿದ್ದರಿಂದ ಅದು ಬತ್ತಿತ್ತು. ಡಾಕ್ಟರು ಕೀಲು ಹೊಸದು ಹಾಕಿದ್ದರು. ಸ್ನಾಯುವನ್ನು ನಾನೇ ಬೆಳೆಸಬೇಕಿತ್ತು.

ಆಮೇಲೆ ಮೂರು ವಾರ ಮತ್ತೆ ಕೋಲು. ಜಗಲಿಯ ಕಂಬ ಹಿಡಿದು ಬಲಗಾಲನ್ನು ಪಕ್ಕಕ್ಕೆ ಎತ್ತುವುದು, ಎಣಿಸಿ ಐದರವರೆಗೆ ಹಿಡಿದು ಇಳಿಸುವುದು, ಹತ್ತು ಸಲ. ಆಮೇಲೆ ಬಲಗಾಲಿನ ಮೇಲೆಯೇ ನಿಂತು ಸೊಂಟ ಇಳಿಯದಂತೆ ತಡೆಯುವುದು. ಇದು ಎತ್ತುವುದಕ್ಕಿಂತ ಕಷ್ಟ. ಮೊದಲ ದಿನ ಮೂರು ಸೆಕೆಂಡು ನಿಂತೆ. ಜಗಲಿಯ ಉದ್ದಕ್ಕೂ ಏಡಿಯ ಹಾಗೆ ಅಡ್ಡಡ್ಡ ನಡೆಯುವುದೂ ಇತ್ತು. ಬೆಳಿಗ್ಗೆ ದೋಸೆ ಹುಯ್ಯುವ ಮೊದಲು ಒಂದು ಸಲ, ಸಂಜೆ ದೀಪ ಹಚ್ಚಿದ ಮೇಲೆ ಒಂದು ಸಲ. ಫೆಬ್ರವರಿಯಲ್ಲಿ ಮೂವತ್ತು ಸೆಕೆಂಡು ನಿಂತ ದಿನ ಅತ್ತೆಯನ್ನು ಕರೆದು ತೋರಿಸಿದೆ. ಗೋಡೆಯ ನೆರಳೂ ಆ ಹೊತ್ತಿಗೆ ಹೆಚ್ಚುಕಡಿಮೆ ನೆಟ್ಟಗಾಗಿತ್ತು.

2024ರ ಮಾರ್ಚಿನಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ. ದೇವಿಯನ್ನು ಕೂರಿಸುವ ಬಿಡ್ಕಿಬೈಲಿನ ನೂಕುನುಗ್ಗಲು ಬೇಡ ಅಂತ ಬೆಳಗಿನ ಜಾವವೇ ಹೋಗಿ, ಕೋಲಿಲ್ಲದೆ ನಿಂತು ದೇವಿಯನ್ನು ನೋಡಿ ಬಂದೆ.

ಮತ್ತೆ ಸಂಕ ದಾಟುವುದು ಮಾತ್ರ ಉಳಿದಿತ್ತು. ಮೊದಲು ಅದು ಎರಡು ಅಡಿಕೆ ಮರ ಜೋಡಿಸಿದ್ದು. ಮಳೆಗೆ ಮುಂಚೆ ನಾಲ್ಕು ಮರ ಹಾಕಿಸಿ, ಒಂದು ಬದಿಗೆ ಬಿದಿರಿನ ಕೈಹಿಡಿ ಕಟ್ಟಿಸಿದೆವು. ಜೂನಿನಲ್ಲಿ ಗಮ್‌ಬೂಟು ಹಾಕಿ ಇಳಿದೆ. ಬೂಟು ಜಾರದಿರಲು ಮಾತ್ರ ಅಲ್ಲ, ಉಂಬಳ (ಜಿಗಣೆ) ಕಚ್ಚದಿರಲೂ ಬೇಕು. ಕಚ್ಚಿದ್ದನ್ನು ಕೆರೆದು ಹುಣ್ಣು ಮಾಡಿಕೊಂಡರೆ ಆ ಸೋಂಕು ರಕ್ತದ ಮೂಲಕ ಹೊಸ ಕೀಲಿಗೆ ಹೋಗಬಹುದು. ಅದಕ್ಕೇ ಕಾಲಿನ ಸಣ್ಣ ಗಾಯವನ್ನೂ ನಾನು ಈಗ ಸುಮ್ನೆ ಬಿಡುವುದಿಲ್ಲ.

ಮೊದಲ ದಿನ ಮನೆಯವರು ಮುಂದೆ ನಿಂತು ಕೈ ಚಾಚಿದ್ದರು. ಈಗ ಕೋಲು ಹಿಡಿದು ಒಬ್ಬಳೇ ದಾಟುತ್ತೇನೆ. ಆಚೆ ದಡದಲ್ಲಿ ಕೋಲು ಒರಗಿಸಲು ಒಂದು ಗೂಟ ಹುಗಿದುಕೊಟ್ಟಿದ್ದಾರೆ. ಕಾಳುಮೆಣಸು ಹೆಕ್ಕುವ ದಿನ ಎರಡೂ ಕೈ ಬೇಕಲ್ಲ, ಆಗ ಕೋಲನ್ನು ಅಲ್ಲೇ ಬಿಟ್ಟು ಹೋಗುತ್ತೇನೆ.