ಸೇವಾ ಸಂಸ್ಥೆಯ ಸಿಬ್ಬಂದಿಗೆ ಸೈಬರ್ ತರಬೇತಿ: ಶುರು ಮಾಡುವುದು ಹೀಗೆ

‘ನಮ್ಮ ಹತ್ತಿರ ಏನಿದೆ ಅಂತ ಹ್ಯಾಕ್ ಮಾಡ್ತಾರೆ?’ ಸೇವಾ ಸಂಸ್ಥೆಗಳಲ್ಲಿ ತರಬೇತಿಯ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಇದೇ. 2017ರಲ್ಲಿ ಮಕ್ಕಳಿಗಾಗಿ ದುಡಿಯುವ ಸೇವಾ ಸಂಸ್ಥೆ ‘ಸೇವ್ ದ ಚಿಲ್ಡ್ರನ್’ನ ಅಮೆರಿಕ ಘಟಕದ ನೌಕರರೊಬ್ಬರ ಇಮೇಲ್‌ಗೆ ವಂಚಕರು ನುಗ್ಗಿದರು. ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಫಲಕ ಬೇಕು ಎಂದು ಸುಳ್ಳು ದಾಖಲೆ ಸೃಷ್ಟಿಸಿ, ಸುಮಾರು 10 ಲಕ್ಷ ಡಾಲರ್ ಹೊಡೆದರು. ವಿಮೆ ಇದ್ದದ್ದರಿಂದ ಬಹುಪಾಲು ವಾಪಸ್ ಬಂತು. ಎಲ್ಲರಿಗೂ ವಿಮೆ ಇರುತ್ತದಾ?

ಹಣವಷ್ಟೇ ಅಲ್ಲ. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಸರ್ವರ್‌ಗಳಿಗೆ ಕಳ್ಳರು ನುಗ್ಗಿದ್ದು 2022ರ ಜನವರಿಯಲ್ಲಿ ಗೊತ್ತಾಯಿತು. 5.15 ಲಕ್ಷಕ್ಕೂ ಹೆಚ್ಚು ಜನರ ವಿವರ ಅವರ ಕೈಗೆ ಸಿಕ್ಕಿತ್ತು. ಆ ಜನರಲ್ಲಿ ಕಾಣೆಯಾದವರು, ಯುದ್ಧದಲ್ಲಿ ಮನೆಯವರಿಂದ ದೂರವಾದವರೂ ಇದ್ದರು.

ಹಾಗಾಗಿ ಪಾಠಕ್ಕೆ ಮೊದಲು ಒಂದು ಪಟ್ಟಿ ಮಾಡಿ. ಹಣ ಕಳಿಸುವ ಅಧಿಕಾರ ಯಾರಿಗಿದೆ? ದಾನಿಗಳ, ಫಲಾನುಭವಿಗಳ ವಿವರ ಯಾರ ಕಂಪ್ಯೂಟರ್‌ನಲ್ಲಿದೆ? ತರಬೇತಿ ಇವರಿಂದಲೇ ಶುರುವಾಗಲಿ.

ಲೆಕ್ಕಪತ್ರದವರಿಗೆ ಸಿದ್ಧಾಂತ ಬೇಡ, ಒಂದು ಮೇಲ್ ತೋರಿಸಿ: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ. ಬಾಕಿ ಹಣವನ್ನು ಇಂದು ಸಂಜೆಯೊಳಗೆ ಹೊಸ ಖಾತೆಗೆ ಹಾಕಿ. ನಾನು ಮೀಟಿಂಗ್‌ನಲ್ಲಿದ್ದೇನೆ, ಫೋನ್ ಬೇಡ.’ ಇದರಲ್ಲಿ ಅನುಮಾನ ಹುಟ್ಟಿಸುವುದೇನು ಎಂದು ಅವರೇ ಹೇಳಲಿ. ಅವಸರ, ಹೊಸ ಖಾತೆ, ಫೋನ್ ಬೇಡ ಎನ್ನುವ ಮಾತು. ಕಾಗುಣಿತ ತಪ್ಪಿದ್ದರೆ ಮೋಸ ಅನ್ನುವ ಹಳೇ ಪಾಠ ಬಿಟ್ಟುಬಿಡಿ. ಈಗಿನ ವಂಚಕರು ನಮಗಿಂತ ಚೆನ್ನಾಗಿಯೇ ಬರೆಯುತ್ತಾರೆ. ಇಮೇಲ್ ವಿಳಾಸ ಸರಿಯಿದ್ದರೂ ಸಾಲದು, ನಿಜವಾದ ಇಮೇಲ್ ಖಾತೆಯೇ ಕಳ್ಳರ ಕೈಲಿರಬಹುದು. ಅಲ್ಲೇ ಒಂದು ನಿಯಮ ಬರೆಸಿ: ಖಾತೆ ಸಂಖ್ಯೆ ಬದಲಾಯಿತು ಎಂದರೆ, ಮೊದಲಿಂದ ನಮ್ಮ ಹತ್ತಿರ ಇರುವ ನಂಬರ್‌ಗೆ ಫೋನ್ ಮಾಡಿ ಕೇಳಬೇಕು. ಮೇಲ್‌ನಲ್ಲಿ ಕೊಟ್ಟ ನಂಬರ್‌ಗಲ್ಲ. ಮೇಲ್ ಕಳಿಸಿದವರು ಸ್ವತಃ ನಿರ್ದೇಶಕರೇ ಆದರೂ ಅಷ್ಟೇ.

ಆಮೇಲೆ ಪಾಸ್‌ವರ್ಡ್. ಸುಮ್ನೆ ಭಾಷಣ ಬೇಡ. ಎಲ್ಲರೂ ಕೂತಲ್ಲೇ ಫೋನ್ ತೆಗೆದು ಇಮೇಲ್‌ಗೆ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಒಂದು ಕೋಡ್ ಕೂಡ ಕೇಳುವ ವ್ಯವಸ್ಥೆ) ಹಾಕಿಕೊಳ್ಳಲಿ. ಎಸ್‌ಎಂಎಸ್‌ಗಿಂತ ಆಪ್‌ನಿಂದ ಬರುವ ಕೋಡ್ ಜಾಸ್ತಿ ಭದ್ರ. ಕಾರಣವಿಲ್ಲದೆ ಆಗಾಗ ಪಾಸ್‌ವರ್ಡ್ ಬದಲಿಸುವ ಪದ್ಧತಿ ಬೇಡ ಎಂದು ತಾಂತ್ರಿಕ ಮಾನದಂಡ ರೂಪಿಸುವ ಅಮೆರಿಕ ಸರ್ಕಾರದ ನಿಸ್ಟ್ ಸಂಸ್ಥೆ 2017ರಲ್ಲೇ ಹೇಳಿದೆ. ಉದ್ದವಾದದ್ದು, ಬೇರೆಲ್ಲೂ ಬಳಸದ್ದು ಮುಖ್ಯ. ಸ್ವಯಂಸೇವಕರೆಲ್ಲ ಸೇರಿ ಬಳಸುವ ಒಂದೇ ಪಾಸ್‌ವರ್ಡ್ ಇದೆಯಲ್ಲ, ಅದನ್ನು ಅವತ್ತೇ ನಿಲ್ಲಿಸಿ. ಕೆಲಸ ಬಿಟ್ಟು ಹೋದವರ ಖಾತೆಯೂ ಅದೇ ದಿನ ಮುಚ್ಚಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಮುಂದೂಡಬಾರದು, ರೆಡ್ ಕ್ರಾಸ್‌ಗೆ ಕಳ್ಳರು ಬಂದದ್ದು ಅಪ್‌ಡೇಟ್ ಹಾಕಿ ಮುಚ್ಚದೆ ಉಳಿದ ಒಂದು ಕಿಂಡಿಯಿಂದ.

ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಹಂತ ಮುಂದಿನದು. ‘ಲಿಂಕ್ ಒತ್ತಿಬಿಟ್ಟೆ’ ಎಂದು ಬಂದು ಹೇಳುವವರನ್ನು ಬೈಯುವುದಿಲ್ಲ ಎಂದು ಮುಖ್ಯಸ್ಥರು ಎಲ್ಲರ ಮುಂದೆ ಹೇಳಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಕಳ್ಳರಿಗೆ ಇನ್ನಷ್ಟು ಸಮಯ ಸಿಗುತ್ತದೆ, ಅಲ್ವಾ? ಪರೀಕ್ಷೆಗೆಂದು ನಕಲಿ ಮೇಲ್ ಕಳಿಸುವುದಾದರೆ, ಎಷ್ಟು ಜನ ಒತ್ತಿದರು ಎನ್ನುವುದಕ್ಕಿಂತ ಎಷ್ಟು ಜನ, ಎಷ್ಟು ಬೇಗ ತಿಳಿಸಿದರು ಎಂದು ನೋಡಿ. ಬೋನಸ್ ಆಸೆ ತೋರಿಸಿ ಬೀಳಿಸಬೇಡಿ. ಕಡಿಮೆ ಸಂಬಳಕ್ಕೆ ದುಡಿಯುವವರ ಮುಂದೆ ಅದು ಕ್ರೂರ ತಮಾಷೆ.

ಯಾರಿಗೆ ತಿಳಿಸಬೇಕು ಎಂಬ ಹೆಸರು, ಫೋನ್ ನಂಬರ್ ಗೋಡೆ ಮೇಲಿರಲಿ. ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟಿದ್ದರೆ, ಬೇರೆ ಸಾಧನದಿಂದ ಅದನ್ನು ಬದಲಿಸಿ, ಎಲ್ಲ ಕಡೆಯಿಂದ ಲಾಗ್‌ಔಟ್ ಮಾಡಿ. ಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ನಿಯಮಗಳನ್ನೂ ತೆರೆದು ನೋಡಿ. ಬರುವ ಮೇಲ್‌ಗಳ ಪ್ರತಿ ತಮಗೂ ಬರುವಂತೆ ಕಳ್ಳರು ಅಲ್ಲಿ ಏರ್ಪಾಡು ಮಾಡಿರಬಹುದು. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ಕೈಯಾರೆ ಅಳಿಸಬೇಕು.