ಕ್ಯಾಷುಯಲ್ಟಿ ಸಿಸ್ಟರ್‌ಗಳಿಗೆ ಮಾತು ಕಲಿಸಿದ್ದು: ನನ್ನ ಅನುಭವ

ಮಂಡ್ಯದ ಒಂದು ಖಾಸಗಿ ಆಸ್ಪತ್ರೆಯ ಕ್ಯಾಷುಯಲ್ಟಿಯಲ್ಲಿ ನಾನು ನರ್ಸಿಂಗ್ ಇನ್‌ಚಾರ್ಜ್. ರೋಗಿಯ ಕಡೆಯವರ ಜೊತೆ ಹೇಗೆ ಮಾತಾಡಬೇಕು ಅಂತ ಸಿಸ್ಟರ್‌ಗಳಿಗೆ ಕಲಿಸೋಣ ಅಂದಾಗ, "ಮಾತಿಗೂ ಟ್ರೇನಿಂಗಾ ಸಿಸ್ಟರ್? ಅದು ಹುಟ್ಟಿನಿಂದ ಬರಬೇಕು" ಎಂದಿದ್ದರು ನಮ್ಮ ಸೀನಿಯರ್ ಡಾಕ್ಟರ್. ಆಗ ರೋಗಿಯ ಕಡೆಯವರ ಜೊತೆ ತಿಂಗಳಿಗೆ ಐದಾರು ಜಗಳ ಆಗುತ್ತಿದ್ದವು. ಈಗ ಎರಡು ತಿಂಗಳಿಗೆ ಒಂದಾದರೆ ಜಾಸ್ತಿ. ಹೇಗೆ ಮಾಡಿದಿರಿ ಅಂತ ಬೇರೆ ಕಡೆಯ ಇನ್‌ಚಾರ್ಜ್‌ಗಳು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದದ್ದು. ಬೆಂಗಳೂರಿನಿಂದ ಟ್ರೇನರ್ ಒಬ್ಬರನ್ನು ಕರೆಸಿದೆವು. ಫೀಸು, ಕಾರು, ಊಟ ಎಲ್ಲ ಸೇರಿ 18,000ದ ಹತ್ತಿರ. ಇಡೀ ದಿನ ಇಂಗ್ಲಿಷ್ ಸ್ಲೈಡು. ನಗುಮುಖ ಇರಲಿ ಎಂದರು. ಮದ್ದೂರಿನ ಹತ್ತಿರ ಹೈವೇಯಲ್ಲಿ ಮಗನಿಗೆ ಆಕ್ಸಿಡೆಂಟ್ ಆಗಿ ಓಡಿ ಬಂದ ತಾಯಿಯ ಮುಂದೆ ನಗೋಕಾಗುತ್ತಾ? ಮುಂದಿನ ವಾರವೇ ಗಲಾಟೆ. ಬಾಗಿಲಿನ ಗಾಜು ಹೋಯಿತು, ಇನ್ನೊಂದು 7,000. ಆಮೇಲೆ ಮೊಬೈಲಿನಲ್ಲಿ ವಿಡಿಯೋ ಮಾಡಿ ತಪ್ಪು ತೋರಿಸಲು ಹೋದೆ. ಹುಡುಗಿಯರು ಹೆದರಿ ಬಾಯಿಯೇ ಬಿಡಲಿಲ್ಲ. ನಾಲ್ಕು ದಿನಕ್ಕೆ ನಿಲ್ಲಿಸಿದೆ.

ಕೈ ಹಿಡಿದದ್ದು ಬೆಳಗಿನ ಹ್ಯಾಂಡೋವರ್, ಅಂದರೆ ರಾತ್ರಿ ಪಾಳಿಯವರು ಬೆಳಗಿನವರಿಗೆ ರೋಗಿಗಳನ್ನು ಒಪ್ಪಿಸುವುದು, ಆದಮೇಲಿನ 10 ನಿಮಿಷ. ರಾತ್ರಿ ನಿಜವಾಗಿ ನಡೆದ ಒಂದೇ ಒಂದು ಕೇಸನ್ನು ನಾಟಕದ ಹಾಗೆ ಮತ್ತೆ ಆಡಿ ನೋಡುವುದು. ಬೈಸಿಕೊಂಡ ಸಿಸ್ಟರೇ ರೋಗಿಯ ಕಡೆಯವರಾಗಬೇಕು. ಒಬ್ಬರೂ ಒಪ್ಪಲಿಲ್ಲ. ಆಗ ನಮ್ಮ ಆಯಾ ಅಮ್ಮ ಎದ್ದು ನಿಂತು, "ಏನವ್ವಾ, ನನ್ ಮಗ ಅಲ್ಲಿ ಒದ್ದಾಡ್ತಾವ್ನೆ, ನೀನ್ ಇಲ್ಲಿ ಬರ್ಕೊಂಡ್ ನಿಂತಿದ್ದೀಯಾ?" ಅಂದರು. ಎಲ್ಲರೂ ತಣ್ಣಗಾದರು. ಅವತ್ತಿನಿಂದ ಅವರೇ ನಮ್ಮ ಟ್ರೇನರ್. ಖರ್ಚು ಟೀ, ವಡೆಗೆ ತಿಂಗಳಿಗೆ ಸುಮಾರು 1,500.

ಹಾವಿನ ಕೇಸಿನಿಂದ ನಾನು ಜಾಸ್ತಿ ಕಲಿತೆ. ನಮ್ಮ ಕಡೆ ರಾತ್ರಿ ಹೊತ್ತು ಹಾವು ಅನ್ನುವುದಿಲ್ಲ, "ಹುಳ ಮುಟ್ಟಿದೆ" ಅಂತಾರೆ. ಹೊರಗಿನಿಂದ ಬಂದ ಸಿಸ್ಟರ್ ಒಬ್ಬರು ಅದನ್ನು ಯಾವುದೋ ಹುಳ ಅಂತಲೇ ಬರೆದುಕೊಂಡಿದ್ದರು. ನಾನು ನೋಡಿದ್ದರಿಂದ ಸರಿಹೋಯಿತು. "ಔಷಧಿ ತಗೊಂಡಿದ್ದಾರಾ?" ಅಂತ ಕೇಳುವುದೂ ಅಷ್ಟೇ ಅಪಾಯ. ಹಳ್ಳಿಯಲ್ಲಿ ಔಷಧಿ ಅಂದರೆ ಗದ್ದೆಗೆ ಹೊಡೆಯುವುದೂ ಹೌದು. ಈಗ ಬಿಪಿ ಮಾತ್ರೆಯಾ, ಬೆಳೆಗೆ ಹೊಡೆಯೋದಾ ಅಂತ ಬಿಡಿಸಿ ಕೇಳುತ್ತೇವೆ. ಡಬ್ಬಿ ತಂದಿದ್ದೀರಾ ಅಂತಲೂ ಕೇಳುತ್ತೇವೆ.

ಹಾವಿನ ಕೇಸಿನಲ್ಲಿ ಗಾಜಿನ ಟ್ಯೂಬಿಗೆ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಡುತ್ತೇವಲ್ಲ, ಗಲಾಟೆ ಹುಟ್ಟುವುದೇ ಆ ಹೊತ್ತಿನಲ್ಲಿ. ಸುಮ್ನೆ ನಿಂತಿದ್ದಾರೆ ಅಂತ ಅವರಿಗೆ ಕಾಣುತ್ತದೆ. ಈಗ ಟ್ಯೂಬನ್ನೇ ತೋರಿಸುತ್ತೇವೆ. "ಅಣ್ಣಾ, ಇದು ಹೆಪ್ಪುಗಟ್ಟುತ್ತಾ ನೋಡಬೇಕು. ಗಟ್ಟದಿದ್ದರೆ ವಿಷ ರಕ್ತಕ್ಕೆ ಏರಿದೆ ಅಂತ. ಹತ್ತು ನಿಮಿಷಕ್ಕೆ ಬಂದು ಮತ್ತೆ ಹೇಳ್ತೀನಿ." ಹೇಳಲು ಹೊಸದೇನೂ ಇಲ್ಲದಿದ್ದರೂ ಹತ್ತನೇ ನಿಮಿಷಕ್ಕೆ ಹೋಗಲೇಬೇಕು. ಇದೊಂದು ನಿಯಮ ರೂಢಿಯಾಗಲು ಮೂರು ತಿಂಗಳು ಬೇಕಾಯಿತು.

ನಡುವೆ ಡಾಕ್ಟರಿಗೆ ಫೋನ್ ಮಾಡುವುದರಲ್ಲೂ ಎಸ್‌ಬಾರ್ (SBAR) ಹಿಡಿಸಲು ನೋಡಿದೆ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ಏನು ಮಾಡಬೇಕು ಅಂತ ನಾಲ್ಕು ಭಾಗ ಮಾಡಿ ಹೇಳುವುದು. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ ಅದು. ನಮ್ಮವರು 'ನನಗೆ ಏನನ್ನಿಸುತ್ತದೆ' ಅನ್ನುವ ಮೂರನೇ ಭಾಗವನ್ನು ನುಂಗಿಬಿಡುತ್ತಿದ್ದರು. ಡಾಕ್ಟರ್ ಬೈದಾರು ಅಂತ ಭಯ. ಫೋನಿನ ಪಕ್ಕ ಚೀಟಿ ಅಂಟಿಸಿದೆ, ಅರ್ಧ ಫಲ ಸಿಕ್ಕಿತು. ಯಾರಿಗೆ ಮೊದಲು ಚಿಕಿತ್ಸೆ ಅಂತ ತಿಳಿಸುವ ಕೆಂಪು, ಹಳದಿ, ಹಸಿರು ಟ್ರಯಾಜ್ ಬೋರ್ಡು ಬರೆಸಿದ್ದು ಮಾತ್ರ ದಂಡ. ಯಾರೂ ಓದಲಿಲ್ಲ.

ಹದಿನೈದು ಜನ ಒಟ್ಟಿಗೆ ನುಗ್ಗಿದಾಗ ಅವರಲ್ಲಿ ಯಾರ ಜೊತೆ ಮಾತಾಡಬೇಕು ಅಂತ ಗುರುತಿಸಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕ್ಯಾಷುಯಲ್ಟಿಗೆ ಬಂದು ಒಂದು ನೈಟ್ ಕೂತರೆ ತೋರಿಸುತ್ತೇನೆ.

ಆ ಸೀನಿಯರ್ ಡಾಕ್ಟರ್ ಈಗ ತಮ್ಮ ಹೊಸ ಡ್ಯೂಟಿ ಡಾಕ್ಟರ್‌ಗಳನ್ನೂ ಬೆಳಗಿನ ಹತ್ತು ನಿಮಿಷಕ್ಕೆ ಕಳಿಸುತ್ತಾರೆ. ಈ ತಿಂಗಳಿಂದ ಗೇಟಿನ ಸೆಕ್ಯುರಿಟಿ ಅಣ್ಣಂದಿರನ್ನೂ ಸೇರಿಸಿಕೊಂಡಿದ್ದೇವೆ. ಬಂದವರ ಕಿವಿಗೆ ಬೀಳುವ ಮೊದಲ ಮಾತು ಅವರದೇ ಅಲ್ವಾ.